ಪೈಲಟ್ ಸ್ಪೋರ್ಟ್ 4ಎಸ್ಸೋ, ಪೊಟೆನ್ಜಾ ಆರ್‌ಇ-71ಆರ್‌ಎಸ್ಸೋ?

ಎಂಜಿನ್ನಿನ ಬಲವೆಲ್ಲ ರಸ್ತೆಗಿಳಿಯುವುದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳ ಮೂಲಕ. ಹಾಗಾಗಿ ಟೈರಿನ ವಿಷಯದಲ್ಲಿ ಜಿಪುಣತನ ಬೇಡ.

ಮಿಶೆಲಿನ್‌ನ ಪೈಲಟ್ ಸ್ಪೋರ್ಟ್ 4ಎಸ್ ಟೈರಿನ ಟ್ರೆಡ್‌ವೇರ್ (ಸವೆತ ತಡೆಯುವ ಗುಣದ ಅಂಕಿ) 300, ಬ್ರಿಡ್ಜ್‌ಸ್ಟೋನ್‌ನ ಆರ್‌ಇ-71ಆರ್‌ಎಸ್‌ನದು 200. ಅಂಕಿ ಕಡಿಮೆಯಾದಷ್ಟೂ ಟೈರ್ ಬೇಗ ಸವೆಯುತ್ತದೆ ಎಂದು ಲೆಕ್ಕ. ಆದರೆ ಈ ಅಂಕಿ ಕೊಡುವುದು ತಯಾರಕರೇ, ಆದ್ದರಿಂದ ಬೇರೆ ಬೇರೆ ಕಂಪನಿಗಳ ನಡುವೆ ಇದನ್ನು ಅಂದಾಜು ಎಂದಷ್ಟೇ ನೋಡಿ.

ಒಣ ರಸ್ತೆಯ ತಿರುವಿನಲ್ಲಿ ಬ್ರಿಡ್ಜ್‌ಸ್ಟೋನ್‌ನ ಹಿಡಿತವೇ ಮೇಲು. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆದು ಮುಟ್ಟಿ ನೋಡಿದರೆ ಬಿಸಿ ರಬ್ಬರ್ ಬೆರಳಿಗೆ ಅಂಟುತ್ತದೆ. ವಾಪಸ್ ಬರುವಾಗ ಸಣ್ಣ ಕಲ್ಲುಗಳನ್ನೂ ಹೊತ್ತು ತಂದು ಮಡ್‌ಗಾರ್ಡಿಗೆ ಚಟಚಟ ಬಡಿಯುತ್ತದೆ. ಸದ್ದು ಜಾಸ್ತಿ, ಆಯಸ್ಸು ಕಡಿಮೆ. ನೀರು ನಿಂತ ರಸ್ತೆಯಲ್ಲಂತೂ ನೀರು ಹೊರಹಾಕುವ ಅಗಲ ತೋಡುಗಳಿರುವ ಮಿಶೆಲಿನ್ ಮೇಲೆಯೇ ನನಗೆ ನಂಬಿಕೆ.

ಚಳಿಗೆ ಎರಡೂ ಆಗಿಬರುವುದಿಲ್ಲ. ಸುಮಾರು 7 ಡಿಗ್ರಿಗಿಂತ ಕೆಳಗೆ ರಬ್ಬರ್ ಗಡಸಾಗಿ ಹಿಡಿತ ಬಿಡುತ್ತದೆ.

ದಿನವೂ ಓಡಿಸುವ ಕಾರಾದರೆ ಮಿಶೆಲಿನ್ ಹಾಕಿಸಿ. ತಿಂಗಳಿಗೊಮ್ಮೆಯಾದರೂ ಟ್ರ್ಯಾಕಿಗೆ ಹೋಗುವವರು ಬ್ರಿಡ್ಜ್‌ಸ್ಟೋನನ್ನು ಬೇರೆ ರಿಮ್‌ಗೆ ಹಾಕಿಸಿ ಇಟ್ಟುಕೊಳ್ಳಿ. ಕೊಳ್ಳುವಾಗ ಟೈರಿನ ಪಕ್ಕದ ಮೈಮೇಲಿರುವ ನಾಲ್ಕಂಕಿಯ ತಯಾರಿಕೆ ದಿನಾಂಕ ಓದಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು.