ಜಿಲ್ಲೆಗೆಲ್ಲ ಒಂದೇ ಬಣ್ಣ: ಸಚೇತ್, ದಾಮಿನಿ, ವರುಣಮಿತ್ರ – ಮೂರು ಮಳೆಗಾಲ ಬಳಸಿದ ಮೇಲೆ

‘ಉತ್ತರ ಕನ್ನಡ ಜಿಲ್ಲೆಗೆ ಆರೆಂಜ್ ಅಲರ್ಟ್.’ ಜೂನ್‌ನಿಂದ ಆಗಸ್ಟ್‌ವರೆಗೆ ಈ ಸಾಲು ಫೋನಿನಲ್ಲಿ ಎಷ್ಟು ಸಲ ಬರುತ್ತದೆಂದರೆ, ಎರಡನೇ ವಾರಕ್ಕೇ ಓದುವುದು ನಿಂತು, ಬೆರಳು ತಾನಾಗಿ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಸರಿಸುವವರನ್ನು ದೂರುವಂತಿಲ್ಲ. ಭಟ್ಕಳವೂ ಉತ್ತರ ಕನ್ನಡ, ಮುಂಡಗೋಡವೂ ಉತ್ತರ ಕನ್ನಡ. ಒಂದು ಸಮುದ್ರದ ದಂಡೆ, ಇನ್ನೊಂದು ಘಟ್ಟ ಹತ್ತಿ ಇಳಿದ ಮೇಲೆ ಸಿಗುವ ಗೋವಿನಜೋಳದ ಬಯಲು. ಹೊನ್ನಾವರದಲ್ಲಿ ಗದ್ದೆ ಮುಳುಗಿದ ದಿನವೇ ಹಳಿಯಾಳದಲ್ಲಿ ಬಟ್ಟೆ ಒಣಗುವುದುಂಟು. ಬಣ್ಣ ಮಾತ್ರ ಎರಡಕ್ಕೂ ಒಂದೇ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುವಾಗ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂದು ತಾಲ್ಲೂಕು ಹೆಸರಿಸಿ ಕೊಡುವುದು ಇದೇ ಕಾರಣಕ್ಕೆ. ಎಚ್ಚರಿಕೆಯ ಬಣ್ಣಕ್ಕೆ ಆ ಸೂಕ್ಷ್ಮ ಇನ್ನೂ ಬಂದಿಲ್ಲ.

ನನ್ನ ದೊಡ್ಡ ತಕರಾರು ಇದೊಂದೇ. ಆದರೂ ಸಚೇತ್, ದಾಮಿನಿ ಎಂಬ ಎರಡು ಆ್ಯಪ್, ಫೋನಿನ ಸೈರನ್, ವರುಣಮಿತ್ರ ಸಹಾಯವಾಣಿ ಸೇರಿದ ಈ ಎಚ್ಚರಿಕೆ ವ್ಯವಸ್ಥೆಯನ್ನು ಫೋನಿನಿಂದ ತೆಗೆದುಹಾಕಿ ಎಂದು ಯಾರಿಗೂ ಹೇಳಲಾರೆ. ಸರಿಯಾಗಿ ಹೊಂದಿಸಿಕೊಂಡು, ಅದರ ಭಾಷೆ ತಿಳಿದು ಓದಿದರೆ ಅಡಿಕೆ ತೋಟ, ಬಾವಿ, ಹಳ್ಳ ಇರುವ ಮನೆಗೆ ಇದು ದಿನವೂ ಬೇಕಾಗುವ ವಸ್ತು. ದುಡ್ಡೂ ಕೊಡಬೇಕಿಲ್ಲ.

ಮೊದಲು ಸೈರನ್ ವಿಷಯ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಬಹಳಷ್ಟು ಫೋನುಗಳು ಕೂಗಿಕೊಂಡದ್ದು ಹಲವರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್‌ನ ಪರೀಕ್ಷೆ. ಎಸ್ಸೆಮ್ಮೆಸ್ ಒಂದೊಂದೇ ನಂಬರಿಗೆ ಹೋಗಬೇಕು. ಲಕ್ಷ ಜನರಿಗೆ ಕಳಿಸುವಾಗ ಸಾಲು ನಿಲ್ಲುತ್ತದೆ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರ್ ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ರೇಡಿಯೋದಂತೆ ಒಂದೇ ಸಲ ಹೇಳುತ್ತದೆ. ನಂಬರ್ ಬೇಡ, ಡೇಟಾ ಬೇಡ, ನೆಟ್‌ವರ್ಕ್ ಜಾಮ್ ಆಗಿದ್ದರೂ ತೊಂದರೆ ಇಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ, ಅದರಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂಬಲ್ಲಿಗೆ ಹೋಗಿ ಎಲ್ಲ ಗುಂಡಿಗಳೂ ಆನ್ ಇವೆಯೇ ನೋಡಿ. ಕೆಲವು ಕಂಪನಿಯ ಫೋನುಗಳಲ್ಲಿ ಇದು ಮೆಸೇಜ್ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ಅಡಗಿರುತ್ತದೆ. ಪರೀಕ್ಷೆಯ ದಿನ ಬೆಚ್ಚಿಬಿದ್ದು ಅದನ್ನು ಆಫ್ ಮಾಡಿ ಮರೆತವರು ಊರಿಗೆ ಹತ್ತು ಜನ ಸಿಗುತ್ತಾರೆ. ದಯವಿಟ್ಟು ಮತ್ತೆ ಆನ್ ಮಾಡಿ.

ಸಚೇತ್ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆ್ಯಪ್. ಮಳೆ, ಸಿಡಿಲು, ಬಿಸಿಗಾಳಿ, ಸಮುದ್ರದ ಅಬ್ಬರ, ಎಲ್ಲ ಇಲಾಖೆಗಳ ಎಚ್ಚರಿಕೆಯೂ ಇಲ್ಲಿಗೆ ಬಂದು ಸೇರುತ್ತದೆ. ಏನೇನಿದೆ ಎಂದು ಪಟ್ಟಿ ಮಾಡುವುದಿಲ್ಲ, ಇಳಿಸಿಕೊಂಡರೆ ಕಾಣುತ್ತದೆ. ಓದುವ ಬಗೆಯನ್ನು ಮಾತ್ರ ಹೇಳಬೇಕು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ಮೀರಿದರೆ ಅತ್ಯಂತ ಭಾರೀ. ಮಲೆನಾಡಿನವರಿಗೆ ಈ ಅಂಕಿ ಬಾಯಿಗೆ ಹತ್ತುವುದಿಲ್ಲ, ನಾವು ಮಳೆಯನ್ನು ಇಂಚಿನಲ್ಲಿ ಮಾತಾಡುವವರು. ಹಾಗಾಗಿ ಹೀಗೆ ಇಟ್ಟುಕೊಳ್ಳಿ: ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಸಾಮಾನ್ಯವಾಗಿ ಹಳದಿ, ಆರೆಂಜ್, ರೆಡ್ ಈ ಮೂರು ಮೆಟ್ಟಿಲಿಗೆ ಹೊಂದಿಕೊಂಡು ಬರುತ್ತವೆ. ಆದರೆ ಬಣ್ಣವೆಂದರೆ ಬರೀ ಮಳೆಯ ಅಳತೆಯಲ್ಲ. ಎಷ್ಟು ಹಾನಿಯಾದೀತು, ಆಗುವ ಸಂಭವ ಎಷ್ಟು ಎಂಬ ಎರಡನ್ನೂ ಕೂಡಿಸಿ ಬಣ್ಣ ಕೊಡುತ್ತಾರೆ.

ಬಣ್ಣಕ್ಕಿಂತ ಮುಖ್ಯವಾದದ್ದು ಸಂದೇಶದೊಳಗಿನ ಒಂದು ಸಣ್ಣ ಪದ: ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಎಲ್ಲೆಡೆ’. ಬಾಯಿಮಾತಿನಲ್ಲಿ ಇವೆಲ್ಲ ಹೆಚ್ಚು ಕಡಿಮೆ ಒಂದೇ. ಇಲಾಖೆಯ ಭಾಷೆಯಲ್ಲಿ ಹಾಗಲ್ಲ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗದವರೆಗೆ ಮಳೆಯಾಗುವಂತಿದ್ದರೆ ಮೊದಲನೆಯದು, ಅರ್ಧದವರೆಗಾದರೆ ಎರಡನೆಯದು, ಮುಕ್ಕಾಲರವರೆಗೆ ಮೂರನೆಯದು, ಅದರ ಮೇಲೆ ನಾಲ್ಕನೆಯದು. ‘ಒಂದೆರಡು ಕಡೆ ಅತಿ ಭಾರೀ ಮಳೆ’ ಎಂದರೆ ಮುಕ್ಕಾಲುಪಾಲು ಜಿಲ್ಲೆಗೆ ಅಷ್ಟು ಮಳೆ ಬಾರದೆ ಹೋಗಬಹುದು, ಮುನ್ಸೂಚನೆ ಆಗಲೂ ಸರಿಯೇ. ಇದನ್ನು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಸುಳ್ಳು ಎಚ್ಚರಿಕೆ ಎಂದು ಬೈದವುಗಳಲ್ಲಿ ಹೆಚ್ಚಿನವು ಪಕ್ಕದ ಹೋಬಳಿಗೆ ಸೇರಬೇಕಾದವು.

ದಿನದ ಲೆಕ್ಕವೂ ಮೋಸ ಮಾಡುತ್ತದೆ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರು, ಮರುದಿನ 8.30ಕ್ಕೆ ಮುಕ್ತಾಯ. ನಸುಕಿನ ನಾಲ್ಕು ಗಂಟೆಗೆ ಹೊಯ್ದ ಮಳೆ ನಮಗೆ ‘ಇವತ್ತಿನದು’, ಅವರ ಮುನ್ಸೂಚನೆಯಲ್ಲಿ ‘ನಿನ್ನೆಯದು’. ಮನೆಯಲ್ಲಿ ಮಳೆಮಾಪಕ ಇಟ್ಟವರು 8.30ಕ್ಕೇ ನೋಡಿ ಚೆಲ್ಲಿದರೆ ಮಾತ್ರ ಎರಡೂ ತಾಳೆಯಾಗುತ್ತವೆ. ಕೆಲವು ನೂರು ರೂಪಾಯಿಗೆ ಪ್ಲಾಸ್ಟಿಕ್ ಮಾಪಕ ಸಿಗುತ್ತದೆ. ಅದೂ ಬೇಡವೆಂದರೆ ಬಾಯಿ, ತಳ ಒಂದೇ ಅಗಲವಿರುವ ನೆಟ್ಟನೆಯ ಡಬ್ಬಿ ಸಾಕು. ಒಳಗೆ ಸ್ಕೇಲು ಇಳಿಸಿದರೆ ನಿಂತ ನೀರಿನ ಎತ್ತರವೇ ಮಳೆ. ಸೂರಿನ ನೀರು ಸಿಡಿಯದಂತೆ, ತೆಂಗಿನ ಗರಿ ಅಡ್ಡ ಬಾರದಂತೆ ಅಂಗಳದ ನಡುವೆ ಒಂದು ಕಂಬಕ್ಕೆ ಕಟ್ಟಿ. ಚಹಾ ಲೋಟ ಒಂದು ಕೈಯಲ್ಲಿ, ಮಾಪಕ ಇನ್ನೊಂದು ಕೈಯಲ್ಲಿ. ಕಣ್ಣಿನ ಮಟ್ಟಕ್ಕೆ ಎತ್ತಿ ನೀರಿನ ತಗ್ಗಿದ ಅಂಚು ಎಲ್ಲಿದೆ ನೋಡಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದು, ಪಕ್ಕದಲ್ಲೇ ನಿನ್ನೆ ಬಂದ ಬಣ್ಣದ ಮೊದಲಕ್ಷರ ಹಾಕುವುದು. ಎರಡು ನಿಮಿಷದ ಕೆಲಸ. ಒಂದು ಮಳೆಗಾಲ ಹೀಗೆ ಬರೆದರೆ ಜಿಲ್ಲೆಯ ಆರೆಂಜ್ ನಿಮ್ಮ ಅಂಗಳದಲ್ಲಿ ಎಷ್ಟು ಇಂಚು ಎಂಬುದು ಕಣ್ಣಿಗೆ ಕಾಣುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಈ ಬೆಳಗಿನ ಎರಡು ನಿಮಿಷ.

ಒಂದೇ ದಿನದ ಬಣ್ಣ ಹೇಳದ ಸಂಗತಿಯನ್ನೂ ಈ ಕ್ಯಾಲೆಂಡರ್ ಹೇಳುತ್ತದೆ. ಗುಡ್ಡ ಜರಿಯುವುದು ಹೆಚ್ಚಾಗಿ ಒಂದು ದಿನದ ಮಳೆಗಲ್ಲ, ದಿನಗಟ್ಟಲೆ ನೆನೆದ ಮಣ್ಣಿನ ಮೇಲೆ ಬೀಳುವ ಮಳೆಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದದ್ದೂ ಎಡೆಬಿಡದೆ ಮಳೆ ಹೊಯ್ದ ದಿನಗಳ ನಡುವೆ. ಐದು ದಿನದ ಮೊತ್ತ ಕೂಡಿಸಿ ನೋಡುವ ರೂಢಿ ಇದ್ದರೆ, ಆರನೇ ದಿನದ ಹಳದಿಯನ್ನೂ ರೆಡ್ ಎಂದೇ ಓದಬೇಕಾಗುತ್ತದೆ. ಮನೆ ಹಿಂದಿನ ಧರೆಯಲ್ಲಿ (ಗುಡ್ಡ ಕಡಿದ ಮಣ್ಣಿನ ಗೋಡೆಯಲ್ಲಿ) ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆಯ ನೀರು ಕಂಡರೆ ಆ್ಯಪ್ ನೋಡುತ್ತ ಕೂರಬೇಡಿ, ಮನೆ ಬಿಡಿ. ಶರಾವತಿಯ ಕೆಳದಂಡೆಯವರು ಮಳೆಯ ಬಣ್ಣದ ಜೊತೆ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನ ಮಟ್ಟವನ್ನೂ ನೋಡಬೇಕು. ಗರಿಷ್ಠ 1819 ಅಡಿ. ಅದರ ಹತ್ತಿರ ಬರುತ್ತಿದ್ದಂತೆ ನದಿದಂಡೆಗೆ ಒಂದರ ಮೇಲೊಂದು ಮುನ್ಸೂಚನೆ ಹೊರಡುತ್ತದೆ. ಹೊನ್ನಾವರದಲ್ಲಿ ಬಿಸಿಲಿದ್ದರೂ ಘಟ್ಟದ ಮೇಲಿನ ಸಾಗರ, ಹೊಸನಗರ ತಾಲ್ಲೂಕುಗಳ ಮಳೆ ಹೊಳೆಯಾಗಿ ಬರಬಹುದು.

ಜಿಲ್ಲೆಗೊಂದೇ ಬಣ್ಣ ಎಂಬ ಕೊರತೆಗೆ ಮದ್ದು ಕರ್ನಾಟಕದಲ್ಲೇ ಇದೆ, ಗೊತ್ತಿರುವವರು ಕಡಿಮೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, 15 ನಿಮಿಷಕ್ಕೊಮ್ಮೆ ಮಾಹಿತಿ ಹೋಗುತ್ತದೆ. ಅವರ ವರುಣಮಿತ್ರ ಸಹಾಯವಾಣಿ 92433 45433, ಹಗಲು ರಾತ್ರಿ ಎರಡೂ ಹೊತ್ತು. ಕರೆ ಮಾಡುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಪಂಚಾಯಿತಿ ಹೆಸರು ಇದೇ ಕ್ರಮದಲ್ಲಿ ಸಿದ್ಧವಿರಲಿ. ‘ಮಳೆ ಬರ್ತದಾ’ ಎಂದಷ್ಟೇ ಕೇಳಿದರೆ ಸಿಗುವ ಉತ್ತರವೂ ಅಷ್ಟೇ ದೊಗಳೆ. ‘ನಾಳೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಮ್ಮ ಹೋಬಳಿಯಲ್ಲಿ ಮಳೆ ಬಿಟ್ಟು ಹೊಳವಾದೀತಾ, ತೋಟಕ್ಕೆ ಮದ್ದು ಹೊಡೆಯಬೇಕು’ ಎಂದು ಕೇಳಿ. ಮದ್ದೆಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಒಂದು ಪರ್ಸೆಂಟ್, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿದ ದಿನವೇ ಹೊಡೆದು ಮುಗಿಸಬೇಕು, ಅಡಿಕೆಯ ಕೊನೆ (ಗೊಂಚಲು) ಒಣಗಲು ಒಂದಿಷ್ಟು ಹೊತ್ತು ಸಿಗಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕೂಲಿ, ಮದ್ದಿನ ದುಡ್ಡು ಎರಡೂ ತೊಳೆದು ಹೋಗುವುದನ್ನು ಒಂದು ಕರೆ ತಪ್ಪಿಸಿದರೆ ಅದು ಸಣ್ಣ ಲಾಭವಲ್ಲ. ಬಿಸಿಲಿಗೆ ಒಣಗಿಸುವ ಚಾಲಿ ಅಡಿಕೆಯನ್ನು ಅಂಗಳದಲ್ಲಿ ಹರವುವ ಡಿಸೆಂಬರ್, ಜನವರಿಯ ಅಕಾಲಿಕ ಮೋಡಕ್ಕೂ ಇದೇ ನಂಬರ್.

ದಾಮಿನಿಯದು ಬೇರೆ ಜಾಯಮಾನ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಆ್ಯಪ್. ನೀವಿರುವ ಜಾಗದ ಸುತ್ತ ಸಿಡಿಲು ಎಲ್ಲಿ ಬಿತ್ತು, ಎಷ್ಟು ನಿಮಿಷದ ಹಿಂದೆ ಬಿತ್ತು ಎಂದು ನಕ್ಷೆಯಲ್ಲಿ ತೋರಿಸುತ್ತದೆ. ಚುಕ್ಕಿಗಳು ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತಿವೆ ಎಂದು ಹತ್ತು ನಿಮಿಷ ಬಿಟ್ಟು ಎರಡು ಸಲ ನೋಡಿದರೆ ಗುಡುಗು ನಮ್ಮ ಕಡೆ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುತ್ತದೆ. ತೋಟದಿಂದ ಆಳುಗಳನ್ನು ಕರೆಸಲು, ಟೀವಿ, ಪಂಪಿನ ಸ್ಟಾರ್ಟರ್, ಮೋಡೆಮ್‌ನ ಪ್ಲಗ್ಗು ಕೀಳಲು ಅಷ್ಟು ಸಾಕು. ಮೋಡೆಮ್‌ಗೆ ಬರುವ ಟೆಲಿಫೋನ್ ತಂತಿಯನ್ನೂ ಬಿಚ್ಚಿ; ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಸಿಡಿಲು ಆ ತಂತಿಯ ದಾರಿಯಿಂದ ಬರಬಹುದು.

ಇಲ್ಲೊಂದು ದೋಷ ಬಹಳ ಜನರನ್ನು ಕಾಡುತ್ತದೆ. ಅದು ಆ್ಯಪ್‌ನದಲ್ಲ, ಫೋನಿನದು. ಮಳೆ ಮುಗಿದ ಮೇಲೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾರೂ ದಾಮಿನಿ ತೆರೆಯುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದ ಆ್ಯಪ್‌ನಿಂದ ಆಂಡ್ರಾಯ್ಡ್ ಲೊಕೇಶನ್ ಅನುಮತಿಯನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳು ಸಿಡಿಲಿನ ಕಾಲ. ಸರಿಯಾಗಿ ಆಗಲೇ ಆ್ಯಪ್ ಮೂಕ. ಆ್ಯಪ್ ಇನ್ಫೋ ಒಳಗೆ ಹೋಗಿ ‘ಬಳಸದಿದ್ದರೆ ಚಟುವಟಿಕೆ ನಿಲ್ಲಿಸು’ ಎಂಬರ್ಥದ ಗುಂಡಿಯನ್ನು ಆಫ್ ಮಾಡಿ, ಬ್ಯಾಟರಿಯನ್ನು ‘ಅನ್‌ರಿಸ್ಟ್ರಿಕ್ಟೆಡ್’ಗೆ ಬದಲಿಸಿ, ಲೊಕೇಶನ್ ‘ಯಾವಾಗಲೂ’ ಎಂದಿಡಿ. ಸಚೇತ್‌ಗೂ ಇದೇ ಮೂರು ಕೆಲಸ. ಯುಗಾದಿ ದಿನ ಒಮ್ಮೆ ತೆರೆದು ನೋಡುವುದು ಒಳ್ಳೆಯ ರೂಢಿ.

ಆ್ಯಪ್ ಇಲ್ಲದಿದ್ದರೆ ಎಣಿಸಿ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಭಯ ಬೇಡ, ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರುಮಾಡಿ.

ಆರೋಗ್ಯದ ಎಚ್ಚರಿಕೆಗೆ ಬಂದರೆ ಫೋನು ಸೋಲುತ್ತದೆ, ಆಶಾ ಕಾರ್ಯಕರ್ತೆ ಗೆಲ್ಲುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇಂದಿಗೂ ಶಿವಮೊಗ್ಗ, ಸಿದ್ದಾಪುರದ ಕಡೆ ಡಿಸೆಂಬರ್‌ನಿಂದ ಮೇವರೆಗೆ ತಲೆಯೆತ್ತುತ್ತದೆ. ಮಂಗ ಸತ್ತು ಬಿದ್ದದ್ದೇ ಇಲ್ಲಿ ಸೈರನ್. ಹತ್ತಿರ ಹೋಗದೆ, ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಬೇಕು. ಮನೆಬಾಗಿಲಿಗೆ ಬಂದು ‘ಈ ಬದಿ ಬೆಟ್ಟಕ್ಕೆ ಸದ್ಯ ದರಕು (ಒಣಎಲೆ) ತರೋಕೆ ಹೋಗಬೇಡಿ ಅಕ್ಕಾ’ ಎಂದು ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆಯ ಬಾಟಲಿ ಕೊಟ್ಟು ಹೋಗುವ ಎಚ್ಚರಿಕೆಯಲ್ಲಿ ಊರು, ಬೆಟ್ಟ, ದಾರಿ ಎಲ್ಲ ಇದೆ. ಕಾಡಿಗೆ ಹೋಗಲೇಬೇಕಾದವರು ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರಲ್ಲಿ ಮಿಂದು, ಬಟ್ಟೆ ತೊಳೆಯಲು ಹಾಕಿ, ಉಣುಗು ಹತ್ತಿದೆಯೇ ನೋಡಿಕೊಳ್ಳಬೇಕು. ಫೋನಿನ ಎಚ್ಚರಿಕೆಯೂ ಒಂದು ದಿನ ಇಷ್ಟು ಹತ್ತಿರದಿಂದ ಮಾತಾಡಲಿ ಎಂಬುದು ನನ್ನ ಆಸೆ.

ನೆರೆಯ ನಂತರದ ‘ನೀರು ಶುದ್ಧೀಕರಿಸಿ’ ಎಂಬ ಸಂದೇಶದಲ್ಲಿ ಅಳತೆ ಇರುವುದು ಅಪರೂಪ, ಹಾಗಾಗಿ ಇಲ್ಲಿ ಬರೆಯುತ್ತೇನೆ. ಬಾವಿಯ ಅಡ್ಡಗಲ ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ; ಬಂದದ್ದು ಲೀಟರ್. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಅಂದರೆ ಈ ಬಾವಿಗೆ 70 ಗ್ರಾಂ. ನೀರು ಕದಡಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ, ಅತ್ತ ಇತ್ತ ಎಳೆದಾಡಿ. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರು ಗಡಸಾಗುತ್ತದೆ. ಕನಿಷ್ಠ ಒಂದು ಗಂಟೆ ನೀರು ಎತ್ತಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಇನ್ನೂ ಒಳ್ಳೆಯದು. ಬಾಯಿ ಬಿಚ್ಚಿಟ್ಟ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದು ಎಷ್ಟು ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ.

ಕೊನೆಯದಾಗಿ, ಗಾಳಿಮಳೆಗೆ ಮೊದಲು ಹೋಗುವುದು ಕರೆಂಟು, ಆಮೇಲೆ ಟವರಿನ ಬ್ಯಾಟರಿ. ಆ ಮೇಲೆ ಸಚೇತ್ ಇಲ್ಲ, ದಾಮಿನಿ ಇಲ್ಲ, ಸೈರನ್ ಕೂಡ ಇಲ್ಲ. ಆರೆಂಜ್ ಬಂದ ಸಂಜೆಯೇ ಫೋನು, ಟಾರ್ಚು ಚಾರ್ಜಿಗಿಟ್ಟು, ಶೆಲ್ಲಿನ ರೇಡಿಯೋ ಹುಡುಕಿ ಆಕಾಶವಾಣಿ ಸಿಗುತ್ತದೆಯೇ ನೋಡಿಡಿ. ಕಾಲುಸಂಕದಾಚೆ ಕೀಪ್ಯಾಡ್ ಫೋನಿನವರಿದ್ದರೆ ಅವರಿಗೆ ಕರೆ ಮಾಡಬೇಕಾದ ಹೊತ್ತೂ ಅದೇ. ರಾತ್ರಿ ಹಳ್ಳ ಏರಿದ ಮೇಲೆ ಅವರಿಗೆ ಇತ್ತ ದಾಟಲು ದಾರಿ ಇರುವುದಿಲ್ಲ.