ವಿಮಾನದ ಟಿಕೆಟ್ಟನ್ನು ಏಜೆಂಟರ ಬಳಿ ಮಾಡಿಸುವವರು ದಯವಿಟ್ಟು ಓದಿ

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲದಿದ್ದರೂ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿಗಳಿಗೇನೂ ಬರವಿಲ್ಲ. ಅಪ್ಪ ಅಮ್ಮನನ್ನು ಕಾಶಿಗೆ ಕಳುಹಿಸಲು ಅಂಥದೊಂದು ಅಂಗಡಿಯಲ್ಲಿ ಬೆಂಗಳೂರಿನಿಂದ ವಾರಾಣಸಿಗೆ ಟಿಕೆಟ್ ಮಾಡಿಸಿದೆ. ಅಪ್ಪನ ಆರೋಗ್ಯದ ಬಗ್ಗೆ ಅಳುಕಿದ್ದುದರಿಂದ, ರದ್ದು ಮಾಡಿದರೂ ಹಣ ಮರಳುವ ಟಿಕೆಟ್ಟೇ ಬೇಕೆಂದು ಬಿಡಿಸಿ ಹೇಳಿದ್ದೆ. "ಫ್ಲೆಕ್ಸಿ ದರದ್ದೇ ಹಾಕಿದ್ದೇನೆ ಸರ್, ಅದಕ್ಕೇ ಸ್ವಲ್ಪ ಜಾಸ್ತಿ" ಎಂದರು. ಆ ಜಾಸ್ತಿ ಹಣವನ್ನೂ ಚೌಕಾಸಿ ಮಾಡದೆ ಕೊಟ್ಟೆ.

ಹೊರಡುವ ವಾರದಲ್ಲೇ ಅಪ್ಪ ಆಸ್ಪತ್ರೆ ಸೇರಿದರು. ಟಿಕೆಟ್ ರದ್ದು ಮಾಡಿಸಲು ಹೋದರೆ ಅದೇ ಮನುಷ್ಯ ಕಂಪ್ಯೂಟರಿನಿಂದ ಮುಖವೆತ್ತದೆ, "ಇದು ಸೇವರ್ ಟಿಕೆಟ್, ಒಂದು ಪೈಸೆಯೂ ವಾಪಸ್ ಬರುವುದಿಲ್ಲ" ಎಂದರು. ಫ್ಲೆಕ್ಸಿ ಎಂದಿದ್ದಿರಲ್ಲ ಎಂದು ಕೇಳಿದ್ದಕ್ಕೆ, "ಹಾಗೆಂದು ಎಲ್ಲಿ ಬರೆದುಕೊಟ್ಟಿದ್ದೇನೆ?" ಎಂಬ ಉತ್ತರ. ಅವರು ಕೊಟ್ಟಿದ್ದ ಹಾಳೆಯಲ್ಲಿ ಅಂಗಡಿಯ ಹೆಸರು, ಗಣಪತಿಯ ಚಿತ್ರ, ಪಿಎನ್‌ಆರ್, ಹೊರಡುವ ಸಮಯ ಎಲ್ಲವೂ ಇದ್ದವು; ದರದ ಬಗೆ ಮತ್ತು ಮೊತ್ತ ಇರಬೇಕಾದ ಜಾಗ ಮಾತ್ರ ಖಾಲಿಯಿತ್ತು. "ಓದಿದವರು ನೀವು, ನೋಡಿಕೊಳ್ಳಬೇಕಿತ್ತು" ಎಂದು ಬೇರೆ ಗಿರಾಕಿಗಳ ಎದುರಿಗೇ ಹೇಳಿಸಿಕೊಂಡು ಬರಬೇಕಾಯಿತು.

ಮನೆಗೆ ಬಂದು ಅದೇ ಪಿಎನ್‌ಆರ್ ಹಾಕಿ ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿ ನೋಡಿದರೆ, ಮಾಡಿಸಿದ್ದು ಅತಿ ಅಗ್ಗದ ದರದ ಟಿಕೆಟ್. ನನ್ನಿಂದ ವಸೂಲಾಗಿದ್ದು ಫ್ಲೆಕ್ಸಿಯ ಹಣ. ಅದಕ್ಕಿಂತ ಉರಿ ಹತ್ತಿದ್ದು, ತೆರಿಗೆ ಮತ್ತು ನಿಲ್ದಾಣ ಶುಲ್ಕದ ಮರುಪಾವತಿಯು ಏಜೆಂಟರ ಖಾತೆಗೆ ಆಗಲೇ ಜಮೆಯಾಗಿದೆ ಎಂದು ಸಹಾಯವಾಣಿಯವರು ಹೇಳಿದಾಗ. ಒಂದು ಪೈಸೆಯೂ ಬರುವುದಿಲ್ಲ ಎಂದಿದ್ದವರ ಖಾತೆಗೇ! ಫೋನ್ ಮಾಡಿದರೆ, "ಅದು ನಮ್ಮ ಸರ್ವಿಸ್ ಚಾರ್ಜಿಗೆ ಸರಿಹೋಯಿತು ಸರ್" ಎಂದರು.

ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಯಾದ ಡಿಜಿಸಿಎ ನಿಯಮದ ಪ್ರಕಾರ, ಮೂಲ ದರ ಮರಳದ ಅಗ್ಗದ ಟಿಕೆಟ್ಟಿನಲ್ಲೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕವನ್ನು ಹಿಂದಿರುಗಿಸಲೇಬೇಕು. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಏಜೆಂಟರ ಮೂಲಕ ಮಾಡಿಸಿದ ಟಿಕೆಟ್ಟಿಗೂ ಮರುಪಾವತಿಯ ಹೊಣೆ ವಿಮಾನ ಸಂಸ್ಥೆಯದೇ. ಆದ್ದರಿಂದ ಅಂಗಡಿಯ ಹಾಳೆಯನ್ನು ನಂಬಬೇಡಿ. ವಿಮಾನ ಸಂಸ್ಥೆಯ ಇ-ಟಿಕೆಟ್ಟನ್ನೇ ಕೇಳಿ ಪಡೆದು, ದರದ ಬಗೆಯನ್ನು ಓದಿ, ಆಮೇಲೆ ಹಣ ಕೊಡಿ. ಬುಕಿಂಗಿಗೆ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿಸಿ. ನನ್ನ ಟಿಕೆಟ್ಟಿನಲ್ಲಿ ಅವರದ್ದಿತ್ತು, ರದ್ದತಿಯ ಸಂದೇಶವೆಲ್ಲ ಅವರಿಗೇ ಹೋಗಿದೆ.

ವಿಮಾನ ಪ್ರಯಾಣಿಕರ ದೂರಿಗೆಂದೇ ಇರುವ ಸರ್ಕಾರಿ ಜಾಲತಾಣ ಏರ್‌ಸೇವಾದಲ್ಲಿ ಮತ್ತು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ತೆರಿಗೆಯ ಹಣ ಬಂದಿದೆ. ಫ್ಲೆಕ್ಸಿ ಎಂದು ಹೆಚ್ಚಿಗೆ ಕಿತ್ತುಕೊಂಡದ್ದು ಇನ್ನೂ ಬಂದಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವನಿದ್ದೇನೆ.