ಬೂದು ಗ್ಯಾಸ್ಕೆಟ್ ಸಿಲಿಕಾನ್: ಕರಾವಳಿಯ ಇಂಜಿನ್ನಿಗೆ ಒಗ್ಗುತ್ತದೆ, ಟ್ಯೂಬು ಮಾತ್ರ ಉಳಿಯುವುದಿಲ್ಲ

ಬೈಕಿನ ಆಯಿಲ್ ಲೀಕಿಗೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೊಡುವ, ಇಂಜಿನ್ ಕವರಿನ ಸಂದು ಮುಚ್ಚುವ ಬೂದು ಬಣ್ಣದ ಸಿಲಿಕಾನ್ ಪೇಸ್ಟಿನ ಬಗ್ಗೆ ಇದು. ಎಷ್ಟು ಉಷ್ಣತೆ ತಡೆಯುತ್ತದೆ ಎಂಬುದೆಲ್ಲ ಪ್ಯಾಕೆಟ್ಟಿನ ಮೇಲೇ ಇದೆ, ಓದಿಕೊಳ್ಳಿ. ನನ್ನ ದೂರು ಬೇರೆ. ಒಮ್ಮೆ ಮೂತಿ ಕತ್ತರಿಸಿದ ಟ್ಯೂಬು ಕಾರವಾರದಂಥ ಊರಲ್ಲಿ ಬಾಳುವುದಿಲ್ಲ. ಈ ಪೇಸ್ಟು ಗಟ್ಟಿಯಾಗುವುದು ಬಿಸಿಲಿಗಲ್ಲ, ಗಾಳಿಯಲ್ಲಿರುವ ತೇವಕ್ಕೆ. ಮಳೆಗಾಲದಲ್ಲಿ ಇಲ್ಲಿನ ತೇವಾಂಶ ಶೇಕಡಾ 90ರ ಆಸುಪಾಸು. ಮುಚ್ಚಳ ಎಷ್ಟೇ ಬಿಗಿದಿಟ್ಟರೂ ಮುಂದಿನ ಸಲ ತೆಗೆದಾಗ ಮೂತಿಯಿಂದ ಅರ್ಧ ಟ್ಯೂಬಿನವರೆಗೆ ರಬ್ಬರು. ದುಡ್ಡು ಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲು ಕಸದ ಬುಟ್ಟಿಗೆ.

ಆದರೆ ಹೆಚ್ಚಿನವರ ಸಿಲಿಕಾನ್ ವ್ಯರ್ಥವಾಗುವುದು ಟ್ಯೂಬಿನ ದೋಷದಿಂದಲ್ಲ. ಎಣ್ಣೆ ಕಂಡಲ್ಲೆಲ್ಲ ಹೊರಗಿನಿಂದ ಮೆತ್ತುತ್ತಾರೆ. ಎಣ್ಣೆಯ ಮೇಲೆ ಇದು ಹಿಡಿಯುವುದೇ ಇಲ್ಲ. ದೇವಿಮನೆ ಘಟ್ಟ ಒಮ್ಮೆ ಹತ್ತಿ ಇಳಿದರೆ ಪದರ ಪದರವಾಗಿ ಏಳುತ್ತದೆ. ಮೊದಲು ಲೀಕು ಎಲ್ಲಿಯದು ಎಂದು ಗೊತ್ತಾಗಬೇಕು. ಇಂಜಿನ್ನಿನ ಮೇಲೆ ಕೆಮ್ಮಣ್ಣು ಎಣ್ಣೆ ಸೇರಿ ಕಟ್ಟಿದ ಮಡ್ಡಿ ನಂಬುವಂಥದ್ದಲ್ಲ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ದಬ್ಬುತ್ತದೆ, ಉಳಿದದ್ದು ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಇಂಜಿನ್ನಿನ ತಳದಲ್ಲಿ ಎಣ್ಣೆ ಇಳಿಸುವ ಡ್ರೇನ್ ಬೋಲ್ಟಿನಿಂದ ತೊಟ್ಟಿಕ್ಕುವ ಎಣ್ಣೆಯ ಮೂಲ ಮೇಲ್ಭಾಗದ ಟ್ಯಾಪೆಟ್ ಕವರಿನ ಓ-ರಿಂಗ್ (ರಬ್ಬರ್ ಉಂಗುರ) ಆಗಿರಬಹುದು. ಡೀಸೆಲ್ ಮತ್ತು ಹಳೆ ಪೇಂಟ್ ಬ್ರಶ್ಶಿನಿಂದ ತೊಳೆದು, ಚೆನ್ನಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನೇ ಸಂದುಗಳ ಮೇಲೆಲ್ಲ ಉದುರಿಸಿ. ಒಣ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ಬಿಳಿ ಪುಡಿಯಲ್ಲಿ ಕಂದು ಗೆರೆ ಮೂಡಿರುತ್ತದೆ. ಅದರ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ತುದಿಯೇ ಲೀಕು. ಗೆರೆ ಕಾಣದಿದ್ದರೆ ಇನ್ನಷ್ಟು ಓಡಿಸಿ, ಕವರು ಬಿಚ್ಚಲು ಆತುರ ಬೇಡ.

ಹಾಗೆಯೇ ಸ್ಪ್ಯಾನರ್ ಹಿಡಿಯುವ ಮುಂಚೆ ಎರಡು ಪುಕ್ಕಟೆ ಪರೀಕ್ಷೆ. ಇಂಜಿನ್ ಎರಡು ಮೂರು ನಿಮಿಷ ಓಡಿಸಿ, ಆರಿಸಿ, ಅಷ್ಟೇ ಹೊತ್ತು ಬಿಟ್ಟು, ಮೇನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿ. ಮೇಲಿನ ಗುರುತು ದಾಟಿದ್ದರೆ ಇಳಿಸಿ. ಆಮೇಲೆ ಇಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪು ಬಿಚ್ಚಿ ಊದಿ. ಮಡ್ಡಿ ಕಟ್ಟಿದ್ದರೆ ಅಥವಾ ಮಡಚಿಕೊಂಡಿದ್ದರೆ ಕ್ರ್ಯಾಂಕ್ ಕೇಸಿನೊಳಗೆ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ) ಒತ್ತಡ ಏರಿ, ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಸೀಲು ಸರಿಯಿದ್ದರೂ ಎಣ್ಣೆ ಹೊರಬರುತ್ತದೆ. ಇವೆರಡನ್ನು ಬಿಟ್ಟು ಹೊಸ ಸೀಲು ಹಾಕಿದರೆ ಹೊಸದೂ ಸೋರುತ್ತದೆ.

ತಿರುಗುವ ಶಾಫ್ಟಿಗೂ ಸಿಲಿಕಾನಿಗೂ ಸಂಬಂಧವಿಲ್ಲ. ಗೇರ್ ಶಾಫ್ಟ್, ಕಿಕ್ ಶಾಫ್ಟ್, ಮುಂದಿನ ಸ್ಪ್ರಾಕೆಟ್ಟಿನ ಹಿಂದೆ ಸೋರಿದರೆ ಸೀಲೇ ಬದಲಿಸಬೇಕು. ಹಳೆ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ, ಮೂರೂ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತವೆ. ಅದನ್ನು ತೋರಿಸಿ ತಂದರೆ ಸಾಕು. ಸ್ಪ್ರಿಂಗ್ ಕಾಣುವ ಬದಿ ಎಣ್ಣೆಯ ಕಡೆಗೆ, ಸೀಲಿನ ಒಳ ಅಂಚಿನ ತುಟಿಗೆ ಸ್ವಲ್ಪ ಗ್ರೀಸು. ಸಿಲಿಂಡರ್ ಮತ್ತು ಅದರ ಹೆಡ್ಡಿನ ನಡುವಿನ ಹೆಡ್ ಗ್ಯಾಸ್ಕೆಟ್ಟಿಗಂತೂ ಸಿಲಿಕಾನ್ ಹಚ್ಚಲೇಬಾರದು. ಡ್ರೇನ್ ಬೋಲ್ಟಿನಲ್ಲಿ ಸೋರಿದರೆ ವಾಷರ್ ಬದಲಿಸಿ. ತಾಮ್ರದ್ದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೊಮ್ಮೆ ನಡೆಯುತ್ತದೆ.

ಇಷ್ಟೆಲ್ಲ ಕಡೆ ಬೇಡವೆಂದ ಮೇಲೂ ಈ ಪೇಸ್ಟಿನ ಮೇಲೆ ನನ್ನ ಸಿಟ್ಟು ಇಳಿದದ್ದು ಕ್ಲಚ್ ಕವರಿನಲ್ಲಿ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಅಂಚಿನಲ್ಲಿ ಬಿಳಿ ಪುಡಿ ಏಳುತ್ತದೆ, ಅದನ್ನು ಕೆರೆದರೆ ಕೆಳಗೆ ಸಣ್ಣ ಸಣ್ಣ ಗುಳಿ. ಘಟ್ಟದ ಮೇಲಿನ ಶಿರಸಿಯ ಗಾಡಿಗಳಿಗೆ ಕವರಿನ ಸಂದಿಗೆ ಹಾಕುವ ಹೊಸ ಪೇಪರ್ ಪ್ಯಾಕಿಂಗ್ ಒಂದೇ ಸಾಲುತ್ತದೆ. ಕಾರವಾರ, ಅಂಕೋಲಾ ಕಡೆಯ ಹಳೆ ಗಾಡಿಗಳಲ್ಲಿ ಆ ಗುಳಿಗಳನ್ನು ಪೇಪರ್ ತುಂಬಲಾರದು. ಸಿಲಿಕಾನ್ ತುಂಬುತ್ತದೆ.

ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಇಲ್ಲವಾದರೆ ತಲೆ ಮುರಿಯುತ್ತದೆ. ಬಿಚ್ಚಿದ್ದನ್ನು ರಟ್ಟಿನ ಮೇಲೆ ಕವರಿನ ಆಕಾರ ಬರೆದು ಅದದೇ ಜಾಗದಲ್ಲಿ ಚುಚ್ಚಿಡಿ. ಉದ್ದಗಳು ಬೇರೆ ಬೇರೆ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಕೇಸೇ ಸೀಳುತ್ತದೆ. ಹಳೆ ಪ್ಯಾಕಿಂಗನ್ನು ಬ್ಲೇಡಿನಿಂದಲ್ಲ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಎರಡೂ ಮುಖವನ್ನು ಥಿನ್ನರಿನಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ. ಕವರನ್ನು ಸರಿಯಾಗಿ ಕೂರಿಸುವ ಡೋವೆಲ್ ಪಿನ್ನುಗಳು ಜಾಗದಲ್ಲಿವೆಯೇ ನೋಡಿ. ಹೊಸ ಪೇಪರ್ ಪ್ಯಾಕಿಂಗಿನ ಎರಡೂ ಬದಿಗೆ ಬೆರಳಿನಿಂದ ತೆಳ್ಳಗೆ ಸವರಿ, ಪೇಪರಿನ ಬಣ್ಣ ಕಾಣುವಷ್ಟು ತೆಳ್ಳಗೆ. ಹೆಚ್ಚಾದದ್ದು ಒಳಗೂ ಉಬ್ಬುತ್ತದೆ, ತುಂಡಾಗಿ ಬಿದ್ದು ಆಯಿಲ್ ಜಾಲರಿ ಕಟ್ಟುತ್ತದೆ. ಲೀಕು ನಿಲ್ಲಿಸಲು ಹೋಗಿ ಇಂಜಿನ್ ಜಾಮ್ ಮಾಡಿಕೊಳ್ಳುವವರು ಇಂಥವರೇ.

ಇಲ್ಲಿ ಇನ್ನೊಂದು ಕರಾವಳಿ ಲೆಕ್ಕ. ಪ್ಯಾಕೆಟ್ಟಿನಲ್ಲಿ ಹತ್ತು ನಿಮಿಷ ಎಂದು ಬರೆದಿದ್ದರೂ ಆಷಾಢದಲ್ಲಿ ಪೇಸ್ಟು ಅದಕ್ಕೂ ಮುಂಚೆ ಕೆನೆಗಟ್ಟುತ್ತದೆ. ಕೆನೆಗಟ್ಟಿದ ಮೇಲೆ ಕವರು ಕೂರಿಸಿದರೆ ಹಿಡಿಯುವುದಿಲ್ಲ. ಬೋಲ್ಟು, ಸ್ಪ್ಯಾನರ್ ಎಲ್ಲ ಕೈಗೆಟಕುವಂತಿಟ್ಟುಕೊಂಡೇ ಹಚ್ಚಬೇಕು. 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು, ಎದುರುಬದುರು ಕ್ರಮದಲ್ಲಿ, ಎರಡು ಸುತ್ತಿನಲ್ಲಿ. ಬಲ ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ಮಳೆಗಾಲದ ತೇವದಲ್ಲೂ ಒಂದು ಪೂರ್ತಿ ದಿನ ಬಿಟ್ಟು ಎಣ್ಣೆ ಹಾಕಿ.

ಕೊಳ್ಳುವಾಗ ವಿನೆಗರ್ ವಾಸನೆ ಬರುವ ಜಾತಿಯದು ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಬಚ್ಚಲುಮನೆ ಸಿಲಿಕಾನ್ ಹೆಚ್ಚಾಗಿ ಅದೇ. ಅಂಗಡಿಯವರು ದೊಡ್ಡ ಟ್ಯೂಬೇ ಅಗ್ಗ ಎನ್ನುತ್ತಾರೆ. ಗ್ಯಾರೇಜಿಗೆ ಸರಿ, ಮನೆಯಲ್ಲೊಂದೇ ಗಾಡಿ ಇರುವವರಿಗೆ 25 ಗ್ರಾಮಿನದೇ ಲಾಭ, ತಯಾರಿಕೆಯ ತಾರೀಖು ನೋಡಿ ತನ್ನಿ. ಉಳಿದದ್ದನ್ನು ಉಳಿಸಲೇಬೇಕೆಂದರೆ ಟ್ಯೂಬನ್ನು ಒತ್ತಿ ಗಾಳಿ ಹೊರಹಾಕಿ, ಮೂತಿಯ ತುದಿಯಲ್ಲಿ ಒಂದು ಸೆಂಟಿಮೀಟರ್ ಪೇಸ್ಟು ಹೊರಗೆ ಬಿಟ್ಟು ಮುಚ್ಚಿ, ಸಿಲಿಕಾ ಜೆಲ್ ಪುಡಿಕೆಯ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಮುಂದಿನ ಸಲ ಆ ಗಟ್ಟಿ ತುದಿಯನ್ನು ಇಕ್ಕಳದಿಂದ ಎಳೆದರೆ ಹಿಂದೆ ಹಸಿ ಪೇಸ್ಟು ಸಿಕ್ಕೀತು. ಐದಕ್ಕೆ ಮೂರೂವರೆ ಅಂಕ. ಕತ್ತರಿಸಿದ ಒಂದೂವರೆ ಪೂರ್ತಿ ಆ ಮುಚ್ಚಳಕ್ಕೆ.